ಮೂರು ಕಂಟ್ರೋಲರ್ ಹಾಕಿದರೆ ಅಪ್ಲಿಕೇಶನ್ ಸೇಫಾ?

ಪ್ರಶ್ನೆ: ಓನೋಸ್‌ನಲ್ಲಿ (ನೆಟ್‌ವರ್ಕ್‌ನ ಸ್ವಿಚ್‌ಗಳನ್ನು ಒಂದೆಡೆಯಿಂದ ನಡೆಸುವ ಕಂಟ್ರೋಲರ್ ಸಾಫ್ಟ್‌ವೇರ್) ಮೂರು ಕಂಟ್ರೋಲರ್‌ಗಳ ಕ್ಲಸ್ಟರ್, ಅಂದರೆ ಒಟ್ಟಾಗಿ ಕೆಲಸ ಮಾಡುವ ಗುಂಪು, ಮಾಡಿದ್ದೇವೆ. ಒಂದು ಬಿದ್ದರೂ ನಮ್ಮ ಅಪ್ಲಿಕೇಶನ್‌ಗೆ ಏನೂ ಆಗಲ್ಲ ಅಲ್ವಾ?

ಆಗುತ್ತದೆ. ಎಷ್ಟು ಸಲ ಹೇಳಿದರೂ ಇದೇ ಪ್ರಶ್ನೆ ಮತ್ತೆ ಬರುತ್ತದೆ. ಈ ಸಲ ಬಿಡಿಸಿಯೇ ಹೇಳುತ್ತೇನೆ.

ಕ್ಲಸ್ಟರ್ ಕಾಪಾಡುವುದು ಅದರ ಕೈಗೆ ಕೊಟ್ಟದ್ದನ್ನು ಮಾತ್ರ. ಓನೋಸ್ ಮಾಹಿತಿ ಇಡಲು ರಾಫ್ಟ್ ಬಳಸುತ್ತದೆ, ಅಂದರೆ ಒಂದೇ ಮಾಹಿತಿಯ ನಕಲನ್ನು ಹಲವು ನೋಡ್‌ಗಳಲ್ಲಿ (ಕ್ಲಸ್ಟರ್‌ನ ಒಂದೊಂದು ಯಂತ್ರ) ಇಡುವ ವಿಧಾನ. ಮೂರರಲ್ಲಿ ಎರಡು ನೋಡ್ ಬದುಕಿದ್ದರೆ ಅಲ್ಲಿ ಬರೆದಿಟ್ಟ ಮಾಹಿತಿ ಉಳಿಯುತ್ತದೆ. ಆದರೆ ಬ್ಲಾಕ್ ಮಾಡಿದ ಹೋಸ್ಟ್‌ಗಳ ಪಟ್ಟಿಯನ್ನು ನೀವು ಜಾವಾದ ಮಾಮೂಲಿ ಹ್ಯಾಶ್‌ಮ್ಯಾಪ್‌ನಲ್ಲಿ ಇಟ್ಟಿದ್ದರೆ? ಅದು ಆ ಒಂದೇ ನೋಡ್‌ನ ಮೆಮೊರಿಯಲ್ಲಿದೆ. ನೋಡ್ ಹೋದರೆ ಪಟ್ಟಿಯೂ ಹೋಯಿತು. ಅದನ್ನು ರಾಫ್ಟ್ ಕಾಪಾಡುವ ಓನೋಸ್‌ನ ಕನ್ಸಿಸ್ಟೆಂಟ್‌ಮ್ಯಾಪ್‌ಗೆ ಹಾಕಿ.

ಇಷ್ಟು ಮಾಡಿ ಕೈ ತೊಳೆದುಕೊಳ್ಳುವವರೇ ಜಾಸ್ತಿ. ಸಾಲದು. ಒಂದು ದಾರಿಗೆ ಐದು ಸ್ವಿಚ್‌ಗಳಲ್ಲಿ ಫ್ಲೋ ರೂಲ್ (ಯಾವ ಪ್ಯಾಕೆಟ್ ಎತ್ತ ಹೋಗಬೇಕು ಅನ್ನುವ ಆದೇಶ) ಹಾಕಬೇಕು ಅಂದುಕೊಳ್ಳಿ. ಎರಡಕ್ಕೆ ಹಾಕುವಷ್ಟರಲ್ಲಿ ನೋಡ್ ಬಿತ್ತು. ಉಳಿದ ಮೂರು ಬಾಕಿ ಇವೆ ಅಂತ ಮುಂದಿನ ನೋಡ್‌ಗೆ ಯಾರು ಹೇಳಬೇಕು? ಪ್ಯಾಕೆಟ್-ಇನ್ (ಪ್ಯಾಕೆಟನ್ನು ಏನು ಮಾಡಲಿ ಅಂತ ಸ್ವಿಚ್ ಕಂಟ್ರೋಲರ್‌ಗೆ ಕಳಿಸುವ ಸಂದೇಶ) ಕಥೆ ಇನ್ನೂ ಕಷ್ಟ. ಸ್ವಿಚ್ ಮತ್ತು ಕಂಟ್ರೋಲರ್ ಮಾತಾಡುವ ಓಪನ್‌ಫ್ಲೋದಲ್ಲಿ ಅದು ಡೀಫಾಲ್ಟ್ ಆಗಿ ಸ್ಲೇವ್‌ಗೆ, ಅಂದರೆ ಆ ಸ್ವಿಚ್ಚನ್ನು ನಡೆಸುವ ಮಾಸ್ಟರ್ ಅಲ್ಲದ ಕಂಟ್ರೋಲರ್‌ಗೆ, ಹೋಗುವುದೇ ಇಲ್ಲ. ಮಾಸ್ಟರ್ ಅದನ್ನು ಪಡೆದು, ಎಲ್ಲೂ ಬರೆದಿಡುವ ಮೊದಲೇ ಸತ್ತರೆ, ಸ್ವಿಚ್ ಅದನ್ನೇ ಎರಡನೇ ಸಲ ಕಳಿಸುವುದಿಲ್ಲ. 2015ರಲ್ಲಿ ಪ್ರಿನ್ಸ್‌ಟನ್‌ನ ಸಂಶೋಧಕರು ರಾವಣ ಎಂಬ ಕಂಟ್ರೋಲರ್‌ನಲ್ಲಿ ಈ ತೊಡಕನ್ನೇ ಬಿಡಿಸಿದರು. ಇವೆಂಟ್ (ಪ್ಯಾಕೆಟ್-ಇನ್‌ನಂಥ ಸಂದೇಶ) ದಾಖಲಾಗುವವರೆಗೆ ಸ್ವಿಚ್ಚೇ ಅದನ್ನು ಇಟ್ಟುಕೊಂಡಿರುತ್ತದೆ. ಆದರೆ ಅದಕ್ಕೆ ಸ್ವಿಚ್ಚನ್ನೂ ಬದಲಾಯಿಸಬೇಕು.

ನಮ್ಮ ಕೈಲಾಗುವುದು ಇಷ್ಟು: ಏನಾಗಬೇಕು ಅನ್ನುವುದನ್ನು ಮೊದಲು ಸ್ಟೋರ್‌ನಲ್ಲಿ (ಕನ್ಸಿಸ್ಟೆಂಟ್‌ಮ್ಯಾಪ್‌ನಂಥದ್ದರಲ್ಲಿ) ಬರೆಯಿರಿ, ಆಮೇಲೆ ಸ್ವಿಚ್‌ಗೆ ಕಳಿಸಿ. ಹೊಸ ನೋಡ್ ಅಧಿಕಾರ ವಹಿಸಿಕೊಂಡಾಗ ಸ್ವಿಚ್‌ನಲ್ಲಿ ಇರುವ ರೂಲ್‌ಗಳನ್ನು ಓದಿ, ಸ್ಟೋರ್ ಜೊತೆ ಹೋಲಿಸಿ, ಕೊರತೆ ಇದ್ದದ್ದನ್ನು ಮಾತ್ರ ತುಂಬಲಿ.

ಇನ್ನೊಂದು. ಮೂರೂ ನೋಡ್‌ಗಳಲ್ಲಿ ಓಡುವುದು ನಿಮ್ಮದೇ ಕೋಡ್. ಒಂದು ವಿಚಿತ್ರ ಪ್ಯಾಕೆಟ್ ಮೊದಲನೆಯದನ್ನು ಬೀಳಿಸಿದರೆ, ಅಂಥದ್ದೇ ಇನ್ನೊಂದು ಎರಡನೆಯದನ್ನೂ ಬೀಳಿಸುತ್ತದೆ. ಬಗ್‌ಗೆ ಕ್ಲಸ್ಟರ್ ಮದ್ದಲ್ಲ.

ಹಾಗಾದರೆ ಮೂರೂ ಹೋದರೆ? ಇದನ್ನು ಯಾರೂ ಕೇಳುವುದಿಲ್ಲ, ಕೇಳಬೇಕಿತ್ತು. ಓಪನ್ ವಿಸ್ವಿಚ್‌ನಲ್ಲಿ (ಸಾಫ್ಟ್‌ವೇರ್ ರೂಪದ ಸ್ವಿಚ್) ಫೇಲ್-ಮೋಡ್, ಅಂದರೆ ಕಂಟ್ರೋಲರ್ ಸಿಗದಾಗ ಏನು ಮಾಡಬೇಕು ಅನ್ನುವ ಸೆಟ್ಟಿಂಗ್, ನೋಡಿ. ಸೆಕ್ಯೂರ್ ಆಗಿದ್ದರೆ ಹಳೆಯ ರೂಲ್‌ಗಳು ಅವಧಿ ಮುಗಿಯುವವರೆಗೆ ನಡೆಯುತ್ತವೆ. ಏನೂ ಸೆಟ್ ಮಾಡದಿದ್ದರೆ ಅದು ಸ್ಟ್ಯಾಂಡ್‌ಅಲೋನ್. ಆಗ ಸ್ವಿಚ್ ಸಾಮಾನ್ಯ ಲರ್ನಿಂಗ್ ಸ್ವಿಚ್‌ನಂತೆ ವರ್ತಿಸುತ್ತದೆ, ನೀವು ಬ್ಲಾಕ್ ಮಾಡಿದ ಹೋಸ್ಟ್‌ನ ಟ್ರಾಫಿಕ್ಕೂ ಸಲೀಸಾಗಿ ದಾಟಬಹುದು. ಲಿಂಕ್ ಕಡಿದು ಹೋಗುವ ಚಿಂತೆ ಇದ್ದರೆ ಸ್ವಿಚ್‌ನಲ್ಲಿ ಫಾಸ್ಟ್ ಫೇಲೋವರ್ ಗ್ರೂಪ್ (ಬದಲಿ ದಾರಿಗಳ ಪಟ್ಟಿ) ಮೊದಲೇ ಹಾಕಿಡಿ. ಪೋರ್ಟ್ ಡೌನ್ ಆದ ತಕ್ಷಣ ಸ್ವಿಚ್, ಕಂಟ್ರೋಲರ್‌ನ್ನು ಕೇಳದೆ, ತಾನೇ ಬದಲಿ ದಾರಿಗೆ ಹೊರಳುತ್ತದೆ.