ಇಟಾಸ್ಕ: ಕಾಯ್ದೆಯಿಂದ ಕೆರೆ ಉಳಿಯಿತು, ಪೈನ್ ಸಸಿ ಮೇಲೇಳಲಿಲ್ಲ

ಮಿಸಿಸಿಪ್ಪಿ ನದಿ ಅಮೆರಿಕದ ಮಿನೆಸೋಟ ರಾಜ್ಯದ ಇಟಾಸ್ಕ ಸರೋವರದ ಕೋಡಿಯಿಂದ ಹೊರಡುತ್ತದೆ. ಅಲ್ಲಿ ಬಂಡೆಯಿಂದ ಬಂಡೆಗೆ ಹೆಜ್ಜೆಯಿಟ್ಟು ನದಿಯನ್ನೇ ದಾಟಬಹುದು. ಆ ಬಂಡೆಸಾಲನ್ನು 1930ರ ದಶಕದಲ್ಲಿ ಜೌಗು ಸರಿಪಡಿಸಿ, ನದಿಗೆ ಹೊಸ ಪಾತ್ರ ತೋಡಿದಾಗ ಜೋಡಿಸಿದರು.

ಇಲ್ಲಿನ ಮೂಲನಿವಾಸಿಗಳಾದ ಒಜಿಬ್ವೆ ಜನ ಈ ನೀರನ್ನು ಎಲ್ಕ್ ಸರೋವರವೆಂದು ಕರೆಯುತ್ತಿದ್ದರು. 1832ರಲ್ಲಿ ಅವರ ಮುಖಂಡ ಒಜಾವಿಂಡಿಬ್ ದಾರಿ ತೋರಿಸಿ ಕರೆತಂದ ಅನ್ವೇಷಕ ಹೆನ್ರಿ ಸ್ಕೂಲ್‌ಕ್ರಾಫ್ಟ್, 'ನಿಜವಾದ ತಲೆ' ಎನ್ನುವ ಅರ್ಥದ 'ವೆರಿಟಾಸ್ ಕಾಪುಟ್' ಎಂಬ ಲ್ಯಾಟಿನ್ ಪದಗಳ ನಡುವಿನ 'ಇಟಾಸ್ ಕಾ' ತುಂಡನ್ನು ಮಾತ್ರ ಉಳಿಸಿಕೊಂಡು ಈಗಿನ ಹೆಸರಿಟ್ಟ.

ಮರದ ವ್ಯಾಪಾರ ಭರದಿಂದ ನಡೆದಿದ್ದ ಕಾಲದಲ್ಲೇ ಭೂಮಾಪಕ ಜೇಕಬ್ ಬ್ರೋವರ್ ಸರೋವರದ ಸುತ್ತಲಿನ ಈ ಪೈನ್ ಕಾಡಿಗಾಗಿ ಹೋರಾಡಿದರು. 1891ರ ಏಪ್ರಿಲ್ 20ರಂದು ಇದನ್ನು ರಾಜ್ಯ ಉದ್ಯಾನವಾಗಿಸುವ ಕಾಯ್ದೆ ಒಂದೇ ಮತದ ಅಂತರದಲ್ಲಿ ಪಾಸಾಯಿತು. ಆದರೆ ಗಡಿಯೊಳಗಿನ ಎಷ್ಟೋ ಜಮೀನು ಇನ್ನೂ ಖಾಸಗಿಯವರದಾಗಿತ್ತು. ಮರದ ಕಂಪನಿಗಳು ಒಡ್ಡು ಕಟ್ಟಿ, ನೀರು ತುಂಬಿಸಿ, ತೂಬು ತೆರೆದು ದಿಮ್ಮಿಗಳನ್ನು ತೇಲಿಬಿಡುತ್ತಿದ್ದವು. ನಿಂತ ನೀರಿಗೆ ದಡದ ಮರಗಳ ಬೇರು ಕೊಳೆಯುತ್ತಿತ್ತು. 1903ರಲ್ಲಿ ಉದ್ಯಾನದ ಹೊಣೆ ಹೊತ್ತ 24ರ ಹರೆಯದ ಮೇರಿ ಗಿಬ್ಸ್, ಆ ತೂಬು ತೆರೆಸಲು ಮರ ಕಡಿಯುವವರ ಎದುರೇ ನಿಂತರು. ಆ ಧೈರ್ಯ ದೊಡ್ಡದು. ಆದರೂ ಕಡಿತ ಸುಮಾರು 1920ರವರೆಗೆ ನಿಲ್ಲಲಿಲ್ಲ.

ಕೊಡಲಿ ನಿಂತ ಮೇಲೂ ಹೊಸ ಪೈನ್ ಏಳಲಿಲ್ಲ. ಇದಕ್ಕೆ ಕಾರಣ ರಕ್ಷಣೆಯ ಹೆಸರಲ್ಲಿ ಮಾಡಿದ ಎರಡು ಕೆಲಸಗಳು. ಮೊದಲನೆಯದು, ಬೆಂಕಿಯನ್ನು ಪೂರ್ತಿ ತಡೆದದ್ದು. ಕೆಂಪು ಪೈನ್ ಬೀಜ ಬೇರೂರಲು ಬರಿ ಮಣ್ಣು, ಮೇಲೆ ಬಿಸಿಲು ಎರಡೂ ಬೇಕು. ನೆಲಮಟ್ಟದ ಬೆಂಕಿ ತರಗನ್ನೂ ಹೇಝಲ್ ಪೊದೆಯನ್ನೂ ಸುಟ್ಟು ಇವೆರಡನ್ನೂ ಒದಗಿಸುತ್ತದೆ, ದಪ್ಪ ತೊಗಟೆಯ ಹಳೆಯ ಮರಗಳು ಅದನ್ನು ತಾಳಿಕೊಳ್ಳುತ್ತವೆ. ಬೆಂಕಿಯಿಲ್ಲದೆ ಪೊದೆ ದಟ್ಟವಾಗಿ ಬೀಜ ತರಗಿನ ಮೇಲೇ ಒಣಗಿತು. ಎರಡನೆಯದು ಬೇಟೆಯ ನಿಷೇಧ. ಜಿಂಕೆಗಳು ಹೆಚ್ಚಿ, ಹಿಮಗಾಲದಲ್ಲಿ ಬೇರೆ ಹಸಿರು ಸಿಗದೆ ಬಿಳಿ ಪೈನ್ ಸಸಿಗಳ ಸುಳಿಯನ್ನೇ ತಿಂದವು. ಸುಳಿ ಹೋದ ಸಸಿ ಪೊದೆಯಂತೆ ಕುಳ್ಳಾಗಿ ನಿಲ್ಲುತ್ತದೆ. 1940ರ ದಶಕದಲ್ಲಿ ಬೇಟೆಗೆ ಮತ್ತೆ ಅವಕಾಶ ಕೊಡಬೇಕಾಯಿತು.

ಈಗ ಕಾಡಿಗೆ ಬೇಕೆಂದೇ, ಲೆಕ್ಕ ಹಾಕಿ ಬೆಂಕಿ ಇಡುತ್ತಾರೆ. ಹೇಝಲ್ ಬುಡದಿಂದ ಮತ್ತೆ ಚಿಗುರುವುದರಿಂದ ಒಂದು ಸಲ ಸುಟ್ಟರೆ ಸಾಲದು, ಕೆಲವು ವರ್ಷ ಮರುಕಳಿಸಬೇಕು. ಬಿಳಿ ಪೈನ್ ಸಸಿಗೆ ಮಾಡುವ ಉಪಾಯ ಇನ್ನೂ ಸರಳ. ಚಳಿಗಾಲಕ್ಕೆ ಮುಂಚೆ, ಸುಮಾರು 10 ಸೆಂ.ಮೀ. ಅಗಲ, 15 ಸೆಂ.ಮೀ. ಉದ್ದದ ಕಾಗದವನ್ನು ನಡು ಸುಳಿಯ ಸುತ್ತ ಮಡಚಿ, ಎಲೆಸೂಜಿಗಳನ್ನೂ ಸೇರಿಸಿ ಮೂರು ಸ್ಟೇಪ್ಲರ್ ಪಿನ್ ಹಾಕುತ್ತಾರೆ. ಸೂಜಿ ಸಿಕ್ಕಿಸದಿದ್ದರೆ ಗಾಳಿಗೆ ಕಾಗದ ಹಾರಿಹೋಗುತ್ತದೆ. ತುದಿ ತೆರೆದಿರಬೇಕು, ವಸಂತದಲ್ಲಿ ಚಿಗುರು ಅಲ್ಲಿಂದಲೇ ಹೊರಬರುತ್ತದೆ. ಮುಂದಿನ ಶರತ್ಕಾಲಕ್ಕೆ ಹೊಸ ಸುಳಿಗೆ ಹೊಸ ಕಾಗದ. ಸುಳಿ ಜಿಂಕೆಯ ಬಾಯಿಗೆ ಎಟುಕದಷ್ಟು ಮೇಲೇರುವವರೆಗೂ ವರ್ಷಕ್ಕೊಮ್ಮೆ ಈ ಕೆಲಸ ತಪ್ಪುವುದಿಲ್ಲ.