ನಿಮ್ಮ ಮುಖ ಸ್ವಲ್ಪ ಪಕ್ಕಕ್ಕಿಡಿ

ಕಳೆದ ತಿಂಗಳು ಒಂದು ಸಿನಿಮಾದ ರಫ್ ಕಟ್, ಅಂದರೆ ಮೊದಲ ಕಚ್ಚಾ ಜೋಡಣೆ, ಮಾಡುತ್ತಾ ಕೂತಿದ್ದೆ. ಹೀರೋನೇ ನಿರ್ದೇಶಕರು. ಹೆಸರು ಬೇಡ. ಮನೆ ಮಾರಿದ್ದು ಯಾಕೆ ಅಂತ ತಾಯಿ ಮಗನಿಗೆ ಹೇಳುವ ದೃಶ್ಯ. ತಾಯಿ ಪಾತ್ರದ ಹಿರಿಯ ನಟಿ ಒಂದು ಹನಿ ಕಣ್ಣೀರು ಹಾಕಿರಲಿಲ್ಲ. ಮಾತು ನಿಂತ ಕಡೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ನಿಂತಿದ್ದರು, ಅಷ್ಟೆ. ನಾನು ಆ ಬೆರಳಿನ ಮೇಲೇ 9 ಸೆಕೆಂಡ್ ಬಿಟ್ಟಿದ್ದೆ. ಹಿಂದಿನ ಸೋಫಾದಿಂದ ದನಿ ಬಂತು: "ಅಲ್ಲಿ ನನ್ನ ಕ್ಲೋಸಪ್ ಹಾಕಿ ಸಾರ್."

"ಯಾಕೆ?"

"ನಾನು ಅಳ್ತಾ ಇದ್ದೀನಲ್ಲ."

ಇಪ್ಪತ್ತೆರಡು ವರ್ಷದಿಂದ ಸಂಕಲನ ಮಾಡುತ್ತಿದ್ದೇನೆ. ನಿರ್ದೇಶನಕ್ಕೆ ಇಳಿದ ನಟರ ಬಾಯಲ್ಲಿ ಈ ಮಾತು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಜಗಳ ಆಡುವ ವಯಸ್ಸು ದಾಟಿತು. ಈಗ ಟೀ ತರಿಸಿ, ನಟನೆಯಿಂದ ನಿರ್ದೇಶನಕ್ಕೆ ಬಂದ ಎಮಿಲಿಯೊ ಫರ್ನಾಂದೆಸ್ ಎಂಬ ಮೆಕ್ಸಿಕೋದವನ ಕಥೆ ಹೇಳುತ್ತೇನೆ.

ಇವನನ್ನು ಆರಿಸಿಕೊಳ್ಳಲು ಕಾರಣ ಇದೆ. ವಿನಯವಂತ ಅಂತೂ ಅಲ್ಲ. ಹುಟ್ಟಿದ್ದು 1904ರಲ್ಲಿ, ಉತ್ತರ ಮೆಕ್ಸಿಕೋದ ಕೋವಾವಿಲಾ ರಾಜ್ಯದಲ್ಲಿ. ತಾಯಿ ಕಿಕಪೂ ಎಂಬ ಮೂಲನಿವಾಸಿ ಜನಾಂಗದವಳು. ಅದಕ್ಕೇ ಅವನಿಗೆ 'ಎಲ್ ಇಂದಿಯೊ', ಅಂದರೆ ಮೂಲನಿವಾಸಿ, ಅಂತ ಹೆಸರು ಬಿತ್ತು, ಅದನ್ನವನು ಬಿರುದಿನ ಹಾಗೆ ಹೊತ್ತು ತಿರುಗಿದ. ಹರೆಯದಲ್ಲಿ ಸರ್ಕಾರದ ವಿರುದ್ಧದ ದಂಗೆಗೆ ಸೇರಿ ಜೈಲು ಕಂಡು, ತಪ್ಪಿಸಿಕೊಂಡು ಅಮೆರಿಕಕ್ಕೆ ಹೋದ. ಹಾಲಿವುಡ್‌ನಲ್ಲಿ ಎಕ್ಸ್‌ಟ್ರಾ ಆಗಿ ನಿಂತ. ಆಸ್ಕರ್ ಪ್ರತಿಮೆಗೆ ಮೈ ಕೊಟ್ಟವನು ಇವನೇ ಅನ್ನುವ ಕಥೆ ನೀವೂ ಕೇಳಿರಬಹುದು. ಅದಕ್ಕೆ ಗಟ್ಟಿ ಪುರಾವೆ ಇಲ್ಲ, ನಂಬಲೇಬೇಕು ಅಂತೇನಿಲ್ಲ. ಮುಂದೆ ದುಡ್ಡು ಬಂದ ಮೇಲೆ ಮೆಕ್ಸಿಕೋ ನಗರದ ಕೊಯೊಅಕಾನ್‌ನಲ್ಲಿ ಜ್ವಾಲಾಮುಖಿ ಕಲ್ಲಿನ ಕೋಟೆಯಂಥ ಮನೆ ಕಟ್ಟಿದ. ಸೊಂಟದಲ್ಲಿ ಪಿಸ್ತೂಲು. ಅದು ತೋರಿಕೆಗೆ ಮಾತ್ರ ಇದ್ದದ್ದಲ್ಲ: 1976ರಲ್ಲಿ ಒಬ್ಬನ ಜೀವ ತೆಗೆದು ಜೈಲಿಗೂ ಹೋದ. ಒಟ್ಟಿನಲ್ಲಿ, ನನ್ನ ಸೋಫಾ ಮೇಲೆ ಕೂರುವ ಯಾವ ಹೀರೋಗೂ ಇಷ್ಟು ಅಹಂ ಇಲ್ಲ.

ಮೆಕ್ಸಿಕೋಗೆ ವಾಪಸಾದ ಮೇಲೆ ಅವನಿಗೆ ಸಿಕ್ಕ ದೊಡ್ಡ ಪಾತ್ರ 'ಹಾನಿತ್ಸಿಯೊ' ಚಿತ್ರದ ನಾಯಕ. ಹಾನಿತ್ಸಿಯೊ ಅಂದರೆ ಪಾತ್ಸ್‌ಕ್ವಾರೊ ಕೆರೆಯ ನಡುವಿನ ದ್ವೀಪ. ಅಲ್ಲಿಯ ಮೀನುಗಾರ, ಅವನು ಪ್ರೀತಿಸಿದ ಹುಡುಗಿ, ಅವಳ ಮೇಲೆ ತಿರುಗಿಬೀಳುವ ಊರು. ಇದಾಗಿದ್ದು 1930ರ ದಶಕದ ನಡುವಿನಲ್ಲಿ. 1936ರ 'ಅಯ್ಯಾ ಎನ್ ಎಲ್ ರಾಂಚೊ ಗ್ರಾಂದೆ' ಚಿತ್ರದಲ್ಲಿ ಹಾಡಿಗೆ ಕುಣಿದ. ಆ ಚಿತ್ರದ ಛಾಯಾಗ್ರಾಹಕ ಗ್ಯಾಬ್ರಿಯೆಲ್ ಫಿಗೆರೋವಾ. ಯಾರ ಕ್ಯಾಮೆರಾ ಮುಂದೆ ಕುಣಿದನೋ, ಏಳು ವರ್ಷದ ಮೇಲೆ ಅವನ ಪಕ್ಕದಲ್ಲೇ ನಿರ್ದೇಶಕನಾಗಿ ನಿಂತ. ನನಗೆ ಇದು ಬಹಳ ಇಷ್ಟದ ಸಂಗತಿ.

ಅವನು ನಿರ್ದೇಶಿಸಿದ ಮೊದಲ ಚಿತ್ರ ಬಂದಾಗ ಅವನಿಗೆ ಮೂವತ್ತೆಂಟರ ಆಸುಪಾಸು. 1943ರ 'ಫ್ಲೋರ್ ಸಿಲ್ವೆಸ್ತ್ರೆ'ಯಲ್ಲಿ ತಂಡ ಕೂಡಿತು. ಕ್ಯಾಮೆರಾಗೆ ಫಿಗೆರೋವಾ, ಬರವಣಿಗೆಗೆ ಮೌರಿಸಿಯೊ ಮಗ್ದಲೆನೊ, ತೆರೆಯ ಮೇಲೆ ದೊಲೊರೆಸ್ ದೆಲ್ ರಿಯೊ ಮತ್ತು ಪೆದ್ರೊ ಆರ್ಮೆಂದಾರಿಸ್. ತನಗೆ? ಒಬ್ಬ ದರೋಡೆಕೋರನ ಪಾತ್ರ. ಕಥೆಗೆ ಬೇಕಾದಷ್ಟು ಕೆಟ್ಟವನಾಗಿ ಮಾಡಿ ಮುಗಿಸಿದ. ಮರುವರ್ಷ ತೆರೆಗೆ ಬಂದ 'ಮರಿಯಾ ಕಾಂದೆಲಾರಿಯಾ'ದಲ್ಲೂ ನಾಯಕ ಆರ್ಮೆಂದಾರಿಸನೇ.

ನಾನು ಮತ್ತೆ ಮತ್ತೆ ಹೇಳುವುದು ಇಲ್ಲಿಯದು, ಸ್ವಲ್ಪ ತಾಳ್ಮೆಯಿಂದ ಓದಿ. 1948ರಲ್ಲಿ 'ಮಕ್ಲೋವಿಯಾ' ಅಂತ ಒಂದು ಚಿತ್ರ ಮಾಡಿದ. ಅದು 'ಹಾನಿತ್ಸಿಯೊ'ದ್ದೇ ಕಥೆ. ಅದೇ ದ್ವೀಪ, ಅದೇ ಬಲೆ, ಅದೇ ಪ್ರೀತಿ. ಹುಡುಗಿಯಾಗಿ ಮರಿಯಾ ಫೆಲಿಕ್ಸ್. ಮೀನುಗಾರನಾಗಿ ಮತ್ತೆ ಆರ್ಮೆಂದಾರಿಸ್. ಒಂದು ಕಾಲಕ್ಕೆ ತಾನೇ ಮಾಡಿದ್ದ ನಾಯಕನ ಪಾತ್ರವನ್ನು ಇನ್ನೊಬ್ಬನ ಕೈಗೆ ಕೊಟ್ಟು, ತಾನು ಕ್ಯಾಮೆರಾ ಹಿಂದೆ ನಿಂತ. ಅಷ್ಟೊಂದು ಜಂಬದ ಮನುಷ್ಯ!

ಯಾಕೆ ಕೊಟ್ಟ ಅಂತ ನಾನು ಹೇಳಲಾರೆ. ಅವನ ಮನಸ್ಸಿನೊಳಗೆ ನಾನೇನು ಹೊಕ್ಕಿಲ್ಲ. ಮಾರುಕಟ್ಟೆಯ ಕಾರಣವೂ ಇರಬಹುದು, ಆಗ ಆರ್ಮೆಂದಾರಿಸ್ ದೊಡ್ಡ ಹೆಸರು. ಆದರೆ ಎಡಿಟಿಂಗ್ ಟೇಬಲ್ ಮೇಲೆ ಇದರಿಂದ ಏನಾಗುತ್ತದೆ ಅಂತ ನನಗೆ ಗೊತ್ತು. ನಟನಿಗೆ ತನ್ನ ಟೇಕ್‌ನ ಸುಖ ದುಃಖ ಎಲ್ಲ ನೆನಪಿರುತ್ತದೆ. ಆ ಅಳುವಿಗೆ ಅವನು ರಾತ್ರಿ ಇಡೀ ತಯಾರಾಗಿರುತ್ತಾನೆ, ಏಳು ಟೇಕ್ ಕೊಟ್ಟಿರುತ್ತಾನೆ. ಪರದೆಯಲ್ಲಿ ಆ ಮುಖ ಬಂದಾಗ ಅವನು ನೋಡುವುದು ಆ ಕಷ್ಟವನ್ನು. ಪ್ರೇಕ್ಷಕನಿಗೆ ಅದರ ಗೊಡವೆ ಇಲ್ಲ. ಅವನಿಗೆ ಬೇಕಾದ್ದು ತಾಯಿ ಏನು ಮುಚ್ಚಿಡುತ್ತಿದ್ದಾಳೆ ಅನ್ನುವುದು. ಮಗನ ಮುಖಕ್ಕೆ ಕಟ್ ಮಾಡಿದಿರಿ ಅಂದರೆ ತಾಯಿಯ ಬೆರಳು ಹೋಯಿತು. ಎರಡೂ ಒಟ್ಟಿಗೆ ಸಿಗುವುದಿಲ್ಲ. ಮಾತು ಮುಗಿದ ಮೇಲೆ ಮಗನಿಗೆ ಒಂದೂವರೆ ಸೆಕೆಂಡ್ ಸಾಕು. ಆ ಒಂದೂವರೆ ಸೆಕೆಂಡ್ ಹೊಡೆಯುವುದು ಕೂಡ ಹಿಂದಿನ 9 ಸೆಕೆಂಡ್ ನಾವು ಅವನನ್ನು ನೋಡದೆ ಇದ್ದುದರಿಂದ. ಇದನ್ನು ನಾನು ಬೋರ್ಡ್ ಮೇಲೆ ಬರೆದು ತೋರಿಸಿದ್ದೂ ಇದೆ.

ಅವನದೇ 'ಎನಮೊರಾದಾ' ಚಿತ್ರದಲ್ಲಿ ರಾತ್ರಿ ಕಿಟಕಿ ಕೆಳಗೆ ಹಾಡು ಹೇಳಿಸುವ ದೃಶ್ಯ ಇದೆ. ಹಾಡು ಹೇಳಿಸುವವನು ನಾಯಕ, ಸೇನಾಪತಿ. ಆದರೆ ನಮ್ಮ ನೆನಪಲ್ಲಿ ಉಳಿಯುವುದು ನಿದ್ದೆಯಿಂದ ತೆರೆದುಕೊಳ್ಳುವ ಮರಿಯಾ ಫೆಲಿಕ್ಸ್ ಕಣ್ಣು, ತೆರೆ ತುಂಬ. ಅದನ್ನು ಕಟ್ ಮಾಡಿದವಳು ಗ್ಲೋರಿಯಾ ಷೋಮನ್. ಅವನ ಒಳ್ಳೆಯ ಚಿತ್ರಗಳಲ್ಲಿ ಎಷ್ಟೋ ಅವಳ ಕೈಯಿಂದಲೇ ಬಂದವು. ಫಿಗೆರೋವಾ ಸೆರೆಹಿಡಿದ ಮೋಡಗಳ ಬಗ್ಗೆ ಎಲ್ಲರೂ ಬರೆಯುತ್ತಾರೆ, ಷೋಮನ್ ಬಗ್ಗೆ ಬರೆಯುವವರು ಕಡಿಮೆ. ನಮ್ಮ ಕಸುಬಿನ ಹಣೆಬರಹ, ಬಿಡಿ.

'ಮರಿಯಾ ಕಾಂದೆಲಾರಿಯಾ' 1946ರ ಕಾನ್ ಉತ್ಸವದಲ್ಲಿ ದೊಡ್ಡ ಪ್ರಶಸ್ತಿ ಹಂಚಿಕೊಂಡ 11 ಚಿತ್ರಗಳಲ್ಲಿ ಒಂದು. ಅದೇ ಸಾಲಿನಲ್ಲಿ ನಮ್ಮ ಚೇತನ್ ಆನಂದ್ ಅವರ 'ನೀಚಾ ನಗರ್' ಕೂಡ ಇತ್ತು. 'ನೀಚಾ ನಗರ್' ಬಗ್ಗೆ ಭಾಷಣ ಮಾಡುವವರು ಪಕ್ಕದಲ್ಲಿದ್ದ ಈ ಮೆಕ್ಸಿಕೋ ಚಿತ್ರ ನೋಡಿರುವುದಿಲ್ಲ. ಅದರಲ್ಲಿ ಮೆಕ್ಸಿಕೋ ನಗರದ ಸೋಚಿಮಿಲ್ಕೊ ಕಾಲುವೆಗಳಲ್ಲಿ ಹೂ ತುಂಬಿದ ದೋಣಿ ಸಾಗುವುದನ್ನು ಒಮ್ಮೆ ನೋಡಿ.

ಅವನನ್ನು ದೇವರು ಮಾಡಲು ಹೊರಟಿಲ್ಲ. ಅವನ ಹಳ್ಳಿಯವರು ಕೆಲವೊಮ್ಮೆ ಜನರಿಗಿಂತ ಜಾಸ್ತಿ ಶಿಲ್ಪಗಳ ಥರ ನಿಲ್ಲುತ್ತಾರೆ. 1950ರ ದಶಕ ಕಳೆದಂತೆ ಅವೇ ಬಿಂಬಗಳು ಮರುಕಳಿಸಿದವು, ಅವಕಾಶ ಕಡಿಮೆಯಾಯಿತು. ಫಿಗೆರೋವಾ ಆಗಲೇ ಇನ್ನೊಬ್ಬ ನಿರ್ದೇಶಕ ಲೂಯಿಸ್ ಬುನ್ಯುಯೆಲ್ ಜೊತೆಗೂ ಕೆಲಸ ಮಾಡುತ್ತಿದ್ದ. ಆಗ ಇವನು ಮತ್ತೆ ನಟನೆಗೆ ಜಾಸ್ತಿ ಹೊತ್ತು ಕೊಟ್ಟ. 1969ರ ಹಾಲಿವುಡ್ ಚಿತ್ರ 'ದ ವೈಲ್ಡ್ ಬಂಚ್'ನಲ್ಲಿ ಜನರಲ್ ಮಪಾಚೆ ಇವನೇ. ಕುಡುಕ, ಕ್ರೂರಿ, ಕೊಳಕ. ತಾನು ಚೆನ್ನಾಗಿ ಕಾಣಬೇಕು ಅನ್ನುವ ಆಸೆಯೇ ಆ ಮುಖದಲ್ಲಿ ಇಲ್ಲ. 1986ರಲ್ಲಿ ತೀರಿಕೊಂಡ.

ತಾವೇ ನಟಿಸಿ ತಾವೇ ನಿರ್ದೇಶಿಸಿ ಗೆದ್ದವರು ಇಲ್ಲವೇ ಅಂತ ಕೇಳುತ್ತೀರಿ. ಇದ್ದಾರೆ. ಚಾಪ್ಲಿನ್ ಇದ್ದಾನೆ. ಆದರೆ ಚಾಪ್ಲಿನ್ ತನ್ನ ಟೇಕ್‌ಗಳನ್ನು ಎಷ್ಟು ನಿರ್ದಯವಾಗಿ ಬಿಸಾಡುತ್ತಿದ್ದ ಅನ್ನುವುದನ್ನೂ ಜೊತೆಗೆ ನೆನಪಿಡಿ. ನನ್ನ ಹತ್ತಿರ ಬರುವವರು ಅರ್ಧ ಸೆಕೆಂಡ್ ಬಿಸಾಡಲೂ ಜ್ಯೋತಿಷಿಯನ್ನು ಕೇಳುತ್ತಾರೆ.

ಆ ಹೀರೋಗೆ 'ಮಕ್ಲೋವಿಯಾ' ಹಾಕಿ ತೋರಿಸಿದೆ. ಹುಡುಗ ಕೆಟ್ಟವನಲ್ಲ, ಊಟ ಬಿಟ್ಟು ಪೂರ್ತಿ ನೋಡಿದ. ಮುಗಿದ ಮೇಲೆ ತುಂಬ ಹೊತ್ತು ಸುಮ್ಮನಿದ್ದ. ಕೆಲಸ ಆಯಿತು ಅಂದುಕೊಂಡೆ. ಆಮೇಲೆ ಕೇಳಿದ: "ಸಾರ್, ಆ ಆರ್ಮೆಂದಾರಿಸ್ ಮೀಸೆ ನನಗೆ ಒಪ್ಪುತ್ತೆ ಅಲ್ವಾ?"

ಒಪ್ಪುತ್ತದೆ ಅಂದೆ. ಬೆರಳಿನ ಶಾಟ್ ಸದ್ಯಕ್ಕೆ 6 ಸೆಕೆಂಡ್‌ಗೆ ನಿಂತಿದೆ. ಸೋಮವಾರ ಮತ್ತೆ ಬರುತ್ತಾನಂತೆ.