ಮಡಿಕೇರಿ ಚಳಿಯನ್ನು ನಂಬಿ ಪಾತ್ರೆ ಹೊರಗಿಡಬೇಡಿ

“ಹೊರಗೇ ಇಷ್ಟು ಚಳಿ ಇದೆ, ಇನ್ನು ಫ್ರಿಜ್ ಯಾಕೆ?” ಕೊಡಗಿನಲ್ಲಿ ಈ ಮಾತು ಕೇಳಿ ಕೇಳಿ ನನಗೆ ಸಾಕಾಗಿದೆ. ಹೋಂಸ್ಟೇ ಅಡುಗೆಮನೆಗಳಿಗೆ ಹೋಗಿ ಆಹಾರ ಕೆಡದ ಹಾಗೆ ಇಡುವುದು ಹೇಗೆಂದು ಹೇಳಿಕೊಡುವುದು ನನ್ನ ಕೆಲಸ. ಇಲ್ಲಿ ಹೋಂಸ್ಟೇ ಅಂದರೆ ಮನೆಯೇ ಅಲ್ವಾ? ಅತಿಥಿಗೂ ಮನೆಯವರಿಗೂ ಒಂದೇ ಫ್ರಿಜ್, ಒಂದೇ ಪಾತ್ರೆ.

ಹಸಿ ಮಾಂಸ ಕೆಳಗೆ, ಬೇಯಿಸಿದ್ದು ಮೇಲೆ, ಎಲ್ಲಕ್ಕೂ ಮುಚ್ಚಳ. ಇದು ನಿಮಗೆ ಗೊತ್ತಿರುವುದೇ. ನನ್ನ ತಕರಾರು ಬೇರೆ. ಫ್ರಿಜ್ ಒಳಗೆ ನಡೆಯುವ ತಪ್ಪಿಗಿಂತ, ಫ್ರಿಜ್‌ಗೆ ಹೋಗುವ ಮೊದಲು ರಾತ್ರಿಯಿಡೀ ನಡೆಯುವ ತಪ್ಪೇ ಜಾಸ್ತಿ.

ಕೊಡವರ ಕೈಲ್ ಮುಹೂರ್ತ ಹಬ್ಬದ ಸಮಯ. ಗೋಣಿಕೊಪ್ಪಲು ಹತ್ತಿರದ ಒಂದು ಮನೆ. ನೆಂಟರೆಲ್ಲ ಉಂಡಾದ ಮೇಲೂ ಅರ್ಧ ಪಾತ್ರೆ ಪಂದಿ ಕರಿ (ಹಂದಿ ಮಾಂಸದ ಸಾರು) ಉಳಿದಿತ್ತು. ಅದನ್ನು ಸೌದೆ ಒಲೆ ಮೇಲೆಯೇ ಮುಚ್ಚಿಟ್ಟಿದ್ದರು. ಬೆಳಿಗ್ಗೆ ಹೋದಾಗ ಪಾತ್ರೆಯ ಅಂಚು ಮುಟ್ಟಿದರೆ ತಣ್ಣಗಿತ್ತು. ಮೇಲೆ ಬಿಳಿ ಕೊಬ್ಬು ಗಟ್ಟಿಯಾಗಿ ಕೂತಿತ್ತು. “ನೋಡಿ, ಹೆಪ್ಪುಗಟ್ಟಿದೆ” ಅಂದರು ಮನೆಯ ಅಕ್ಕ, ಹೆಮ್ಮೆಯಿಂದಲೇ. ನಾನು ಚೀಲದಿಂದ ಥರ್ಮಾಮೀಟರ್ ತೆಗೆದು, ಕೊಬ್ಬು ತೂರಿ ನಡುವಿಗೆ ಚುಚ್ಚಿದೆ. 36 ಡಿಗ್ರಿ. ನಮ್ಮ ಮೈಯಷ್ಟೇ ಬಿಸಿ. ಒಲೆಯ ಬೂದಿಯೊಳಗೆ ಕೆಂಡ ಇನ್ನೂ ಇತ್ತು. ಮೇಲಿನ ಕೊಬ್ಬು ಕಂಬಳಿ ಹೊದಿಸಿದ ಹಾಗೆ ಒಳಗಿನ ಬಿಸಿಯನ್ನು ಹಿಡಿದಿಟ್ಟಿತ್ತು.

ಬೇಯಿಸಿದ ಅಡುಗೆಗೆ 60 ಡಿಗ್ರಿಯಿಂದ 5 ಡಿಗ್ರಿವರೆಗಿನ ದಾರಿಯೇ ಅಪಾಯದ ದಾರಿ. ಮಳೆಗಾಲದ ಮಡಿಕೇರಿಯಲ್ಲಿ ಮನೆಯೊಳಗೆ 18-20 ಡಿಗ್ರಿ ಇರಬಹುದು. ನಮಗದು ಸ್ವೆಟರ್ ಹಾಕುವ ಚಳಿ. ಬ್ಯಾಕ್ಟೀರಿಯಾಗೆ ಅದು ಚಳಿಯೇ ಅಲ್ಲ. ಸ್ವಲ್ಪ ನಿಧಾನವಾಗುತ್ತವೆ, ನಿಲ್ಲುವುದಿಲ್ಲ. ಅದಕ್ಕಿಂತ ಮುಖ್ಯ, ಪಾತ್ರೆಯ ನಡುಭಾಗಕ್ಕೆ ಹೊರಗಿನ ಚಳಿ ಮುಟ್ಟುವುದೇ ಇಲ್ಲ. ದೊಡ್ಡ ಪಾತ್ರೆಯ ಮಾಂಸದಲ್ಲಿ ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ಅನ್ನುವ ಬ್ಯಾಕ್ಟೀರಿಯಾ ಇರಬಹುದು. ಅದರ ಬೀಜಕಣ, ಅಂದರೆ ಗಟ್ಟಿ ಕವಚದೊಳಗೆ ನಿದ್ದೆಯಲ್ಲಿರುವ ರೂಪ, ಕುದಿಸಿದರೂ ಸಾಯುವುದಿಲ್ಲ. ಅಡುಗೆ ಆರುತ್ತಾ 40-45 ಡಿಗ್ರಿಗೆ ಬಂದಾಗ ಎಚ್ಚರವಾಗುತ್ತದೆ. ಆ ಬಿಸಿಯಲ್ಲಿ ಸುಮಾರು 10 ನಿಮಿಷಕ್ಕೊಮ್ಮೆ ಎರಡು ಪಟ್ಟಾಗಬಲ್ಲದು. ಇಡೀ ರಾತ್ರಿಯ ಲೆಕ್ಕ ನೀವೇ ಹಾಕಿಕೊಳ್ಳಿ.

“ಬೆಳಿಗ್ಗೆ ಚೆನ್ನಾಗಿ ಕುದಿಸ್ತೀವಲ್ಲ” ಅನ್ನುವುದು ಮುಂದಿನ ಮಾತು. ಇದನ್ನು ಎಷ್ಟು ಸಲ ಬಿಡಿಸಿ ಹೇಳಿದರೂ ಸಾಲದು. ಕುದಿಸಿದರೆ ಬದುಕಿರುವ ಬ್ಯಾಕ್ಟೀರಿಯಾ ಬಹುಪಾಲು ಸಾಯುತ್ತವೆ, ನಿಜ. ಆದರೆ ಕೆಲವು ಜಾತಿಯವು ಅಷ್ಟರಲ್ಲಿ ಅಡುಗೆಯಲ್ಲಿ ವಿಷ ಬಿಟ್ಟಿರುತ್ತವೆ. ಅನ್ನದಲ್ಲಿ ಬೆಳೆಯುವ ಬ್ಯಾಸಿಲಸ್ ಸೀರಿಯಸ್‌ನ ವಾಂತಿ ತರಿಸುವ ವಿಷ 121 ಡಿಗ್ರಿಯಲ್ಲೂ ತಡೆದುಕೊಳ್ಳುತ್ತದೆ. ಪ್ರೆಶರ್ ಕುಕ್ಕರ್ ಕೂಡ ಸುಮಾರು ಅಲ್ಲಿಗೇ ನಿಲ್ಲುತ್ತದೆ. ಮಡಿಕೇರಿ ಎತ್ತರದಲ್ಲಂತೂ ತೆರೆದ ಪಾತ್ರೆಯ ನೀರು 96 ಡಿಗ್ರಿ ಸುಮಾರಿಗೇ ಕುದಿಯುತ್ತದೆ. ಕೈಯಿಂದ ಅಡುಗೆಗೆ ಸೇರುವ ಸ್ಟೆಫೈಲೊಕಾಕಸ್ ಅನ್ನುವ ಬ್ಯಾಕ್ಟೀರಿಯಾದ ವಿಷವೂ ಹಾಗೇ, ಕುದಿತಕ್ಕೆ ಬಗ್ಗುವುದಿಲ್ಲ. ಮೂಸಿ ನೋಡಿದರೂ ಗೊತ್ತಾಗಲ್ಲ. ವಾಸನೆ ಬರುವಂತೆ ಮಾಡುವ ಸೂಕ್ಷ್ಮಜೀವಿಗಳು ಬೇರೆ, ಕಾಯಿಲೆ ತರುವವು ಬೇರೆ.

ಹಾಗೆ ತಿಂದವರಿಗೆಲ್ಲ ಹೊಟ್ಟೆ ಕೆಡುತ್ತದೆ ಅಂತ ನಾನು ಹೇಳುತ್ತಿಲ್ಲ. ಬಹಳ ಸಲ ಏನೂ ಆಗುವುದಿಲ್ಲ. ಆ ಧೈರ್ಯವೇ ಕಷ್ಟ. ಗಟ್ಟಿಮುಟ್ಟಾದವರು ಒಂದು ದಿನ ನರಳಿ ಎದ್ದುಬಿಡುತ್ತಾರೆ. ಪುಟ್ಟ ಮಕ್ಕಳು, ಗರ್ಭಿಣಿಯರು, ವಯಸ್ಸಾದವರು ಇರುವ ಮನೆಯಲ್ಲಿ ಈ ಜೂಜು ಬೇಡ.

ಇಷ್ಟು ಹೇಳಿದಾಗ ಅಕ್ಕ ಕಾಚಂಪುಳಿ (ನಮ್ಮ ಕಡೆಯ ಕಪ್ಪು ಹುಳಿರಸ) ಬಾಟಲಿ ತೋರಿಸಿದರು. “ಇದು ಹಾಕಿದ್ರೆ ಕೆಡಲ್ಲ.” ಹುಳಿ ಸಹಾಯ ಮಾಡುತ್ತದೆ, ಒಪ್ಪುತ್ತೇನೆ. ಆದರೆ ಕರಿಗೆ ರುಚಿಗೆಂದು ಹಾಕುವ ಒಂದೆರಡು ಚಮಚ ನಂಬಿ ರಾತ್ರಿಯಿಡೀ ಹೊರಗಿಡಲು ನಾನು ಒಪ್ಪಲಾರೆ. ಆಮೇಲೆ ಅಜ್ಜಿಯ ಮಾತು ಬಂತು. ಅಜ್ಜಿ ಕಾಲದಲ್ಲಿ ಫ್ರಿಜ್ ಎಲ್ಲಿತ್ತು? ಅಜ್ಜಿ ಜಾಣೆ. ಉಳಿಯುವಷ್ಟು ಮಾಂಸ ಇದ್ದರೆ ಒಲೆಯ ಮೇಲೆ ತೂಗುಹಾಕಿ ಹೊಗೆಗೆ ಒಣಗಿಸುತ್ತಿದ್ದರು. ನೀರಿನಂಶವೇ ಇಲ್ಲದ ಮಾಂಸದಲ್ಲಿ ಬ್ಯಾಕ್ಟೀರಿಯಾ ಬೆಳೆಯುವುದು ಕಷ್ಟ. ರಸ ತುಂಬಿದ ಕರಿಯನ್ನು ಅದಕ್ಕೆ ಹೋಲಿಸಬೇಡಿ.

ಹಾಗಾದರೆ ಮಾಡುವುದೇನು? ಊಟ ಮುಗಿದ ತಕ್ಷಣ ಉಳಿದದ್ದನ್ನು ಅಗಲವಾದ ತಟ್ಟೆ, ಡಬ್ಬಿಗಳಿಗೆ ಹಂಚಿ. ಎರಡು ಇಂಚಿಗಿಂತ ಆಳ ಬೇಡ. ಅಷ್ಟು ಪಾತ್ರೆ ಇಲ್ಲದಿದ್ದರೆ ದೊಡ್ಡ ಪಾತ್ರೆಯನ್ನೇ ಟಬ್ಬಿನ ತಣ್ಣೀರಿನಲ್ಲಿ ಇಟ್ಟು ಸೌಟಿನಿಂದ ಆಗಾಗ ತಿರುಗಿಸಿ. ನೀರು ಬಿಸಿಯಾದರೆ ಬದಲಿಸಿ. ನಮ್ಮ ಬಾವಿ ನೀರು ಇದಕ್ಕೆ ಹೇಳಿ ಮಾಡಿಸಿದ್ದು. ಹಬೆ ನಿಂತ ಮೇಲೆ ಫ್ರಿಜ್‌ಗೆ. ಒಟ್ಟು ಎರಡು ಗಂಟೆ ದಾಟಬಾರದು.

“ಬಿಸಿ ಇಟ್ಟರೆ ಫ್ರಿಜ್ ಕೆಡುತ್ತೆ” ಅನ್ನುವ ಹೆದರಿಕೆಯೇ ಈ ಎಲ್ಲ ರಾತ್ರಿ ಜಾಗರಣೆಗೆ ಕಾರಣ. ಕುದಿಯುವ ದೊಡ್ಡ ಪಾತ್ರೆಯನ್ನು ಹಾಗೇ ತುರುಕಿದರೆ ಪಕ್ಕದ ಹಾಲು, ಮೊಸರು ಬಿಸಿಯಾಗುತ್ತವೆ, ಅದು ನಿಜ. ಉಗುರುಬೆಚ್ಚಗಿನ ಸಣ್ಣ ಡಬ್ಬಿಗೆ ಫ್ರಿಜ್ ಕೆಡುವುದಿಲ್ಲ. ಕರೆಂಟ್ ಸ್ವಲ್ಪ ಜಾಸ್ತಿ ತಿನ್ನಬಹುದು. ತಿನ್ನಲಿ ಬಿಡಿ. ಡಬ್ಬಿಗಳ ನಡುವೆ ಗಾಳಿ ಆಡಲು ಜಾಗ ಇರಲಿ, ಒಂದರ ಮೇಲೊಂದು ಪೇರಿಸಬೇಡಿ. ಹೀಗಿಟ್ಟದ್ದನ್ನು ಮೂರು ದಿನದೊಳಗೆ ಮುಗಿಸಿ. ಬೇಕಾದಷ್ಟನ್ನೇ ತೆಗೆದು ಬಿಸಿ ಮಾಡಿ. ಮಾರನೇ ದಿನದ ಪಂದಿ ಕರಿಗೆ ರುಚಿ ಜಾಸ್ತಿ ಅನ್ನುವುದರಲ್ಲಿ ನನ್ನದೇನೂ ತಕರಾರಿಲ್ಲ. ಫ್ರಿಜ್‌ನಲ್ಲಿಟ್ಟರೂ ಆ ರುಚಿ ಬರುತ್ತದೆ.

ಇನ್ನು ಫ್ರಿಜ್‌ನ ತಿರುಗಣೆ. ಅದರ ಮೇಲಿನ 1, 2, 3 ಅನ್ನುವ ಅಂಕಿಗಳು ಡಿಗ್ರಿಯ ಲೆಕ್ಕವಲ್ಲ. ಮಳೆಗಾಲ ಅಂತ 1ಕ್ಕೆ ಇಳಿಸುವವರಿದ್ದಾರೆ. ರಾತ್ರಿ ಸ್ವಿಚ್ಚೇ ಆರಿಸುವವರನ್ನೂ ನೋಡಿದ್ದೇನೆ. ಸುಮ್ನೆ ಒಂದು ಫ್ರಿಜ್ ಥರ್ಮಾಮೀಟರ್ ತಂದು ಒಳಗಿಡಿ. 4 ಡಿಗ್ರಿ ಸುಮಾರು ಇರಬೇಕು, 5 ದಾಟಬಾರದು. ಫ್ರೀಜರ್ ಮೈನಸ್ 18. ಡಿಸೆಂಬರ್-ಜನವರಿಯಲ್ಲಿ ಇನ್ನೊಂದು ವಿಚಿತ್ರ ನಡೆಯುತ್ತದೆ. ಅಡುಗೆಮನೆಯೇ ತುಂಬಾ ತಣ್ಣಗಾದಾಗ, ಒಂದೇ ಥರ್ಮೋಸ್ಟಾಟ್ ಇರುವ ಕೆಲವು ಫ್ರಿಜ್‌ಗಳ ಕಂಪ್ರೆಸರ್ ಸಾಕಷ್ಟು ಓಡುವುದಿಲ್ಲ. ಕೆಳಗೆ ಎಲ್ಲ ಸರಿ ಇರುತ್ತದೆ, ಮೇಲೆ ಫ್ರೀಜರ್‌ನಲ್ಲಿ ಐಸ್‌ಕ್ರೀಂ ಮೆತ್ತಗಾಗಿರುತ್ತದೆ. ಹಾಗಾದರೆ ಅಲ್ಲಿಟ್ಟ ಮಾಂಸವನ್ನೂ ಒಮ್ಮೆ ಒತ್ತಿ ನೋಡಿ.

ಕರೆಂಟ್ ವಿಷಯಕ್ಕೆ ಬಂದರೆ, ಮರ ಬಿದ್ದು ಲೈನ್ ಹೋಗುವುದು ನಮಗೆ ಹೊಸದಲ್ಲ. ಬಾಗಿಲು ತೆರೆಯದಿದ್ದರೆ ಫ್ರಿಜ್ ಸುಮಾರು 4 ಗಂಟೆ ತಂಪು ಕಾಯುತ್ತದೆ. ತುಂಬಿದ ಫ್ರೀಜರ್ 48 ಗಂಟೆ, ಅರ್ಧ ತುಂಬಿದ್ದು 24 ಗಂಟೆ. ಕರೆಂಟ್ ಬಂದಾಗ ಮಾಂಸದಲ್ಲಿ ಇನ್ನೂ ಮಂಜಿನ ಹರಳು ಇದ್ದರೆ ಮತ್ತೆ ಫ್ರೀಜ್ ಮಾಡಬಹುದು. ರುಚಿ ಸ್ವಲ್ಪ ಹೋಗುತ್ತದೆ, ಅಷ್ಟೇ. ಪೂರ್ತಿ ಕರಗಿ ಬೆಚ್ಚಗಾಗಿದ್ದರೆ ಆಸೆ ಬಿಡಿ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಎಷ್ಟೋ ಊರುಗಳಲ್ಲಿ ದಿನಗಟ್ಟಲೆ ಕರೆಂಟ್ ಇರಲಿಲ್ಲ. ಆಮೇಲೆ ಫ್ರೀಜರ್ ತೆರೆದವರಿಗೆ ನಾನು ಹೇಳಬೇಕಾದ್ದೇನೂ ಇಲ್ಲ.

ಎಸೆಯಲು ಮನಸ್ಸು ಬರುವುದಿಲ್ಲ, ಗೊತ್ತು. “ಲೈನ್‌ಮನೆಯವರಿಗೆ (ತೋಟದ ಕೆಲಸಗಾರರ ಸಾಲುಮನೆಯವರಿಗೆ) ಕೊಟ್ಟುಬಿಡೋಣ” ಅಂತ ಪಾತ್ರೆ ಎತ್ತಿದವರ ಕೈ ಹಿಡಿದು ನಿಲ್ಲಿಸಿದ್ದೇನೆ. ನೀವು ತಿನ್ನಲು ಹೆದರುವುದನ್ನು ತೋಟದಲ್ಲಿ ದುಡಿಯುವವರಿಗೆ ಕೊಡಬೇಡಿ. ನಾಯಿಗೂ ಬೇಡ. ಮನೆಯಿಂದ ದೂರ, ಬಾವಿಯಿಂದಲೂ ದೂರ, ಗುಂಡಿ ತೆಗೆದು ಹೂತುಬಿಡಿ. ಗುಂಡಿ ಆಳವಾಗಿರಲಿ, ಮೇಲೆ ಎರಡು ಕಲ್ಲು ಹೇರಿ. ಇಲ್ಲದಿದ್ದರೆ ರಾತ್ರಿ ಕಾಡುಹಂದಿಯೇ ಬಂದು ಕೆದಕೀತು.